ಬೆಳಕು ಕಾಯುವ ಸೊನ್ನೆ

ಹಳೇಬೀಡಿಗೆ ಬರುವ ಪ್ರವಾಸಿ ಬಸ್ಸುಗಳೆಲ್ಲ ಹೊಯ್ಸಳೇಶ್ವರನ ಮುಂದೆ ನಿಲ್ಲುತ್ತವೆ. ಅಲ್ಲಿಂದ ನಡೆದೇ ಹೋಗಬಹುದಾದ ಬಸ್ತಿಹಳ್ಳಿಯ ಕಡೆ ಹೆಜ್ಜೆ ಹಾಕುವವರು ಕಡಿಮೆ. ಹಾಗೆ ಹೋದವರನ್ನು ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಕಂಬದೆದುರು ನಿಲ್ಲಿಸಿ, ನಿಮ್ಮ ಮುಖ ನೋಡಿಕೊಳ್ಳಿ ಎನ್ನುವುದು ಗೈಡುಗಳ ರೂಢಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಬಸದಿ ಇದು. ಒಂಬತ್ತು ಶತಮಾನದ ಹಿಂದೆ ಕೊಟ್ಟ ಹೊಳಪು ಇನ್ನೂ ಇದೆ ಎಂದು ಜನ ಬೆರಗಾಗುತ್ತಾರೆ. ಲೇತ್ ಮುಂದೆ ನಿಂತು ಕೆಲಸ ಮಾಡಿದವರ ಕಣ್ಣು ಮಾತ್ರ ಬೇರೆ ಕಡೆ ಹೋಗುತ್ತದೆ. ಬಾಗಿಲಿನ ಬೆಳಕು ಕಂಬದ ಮೈಮೇಲೆ ಉದ್ದಕ್ಕೆ ಒಂದು ಗೆರೆಯಾಗಿ ಬಿದ್ದಿರುತ್ತದೆ. ಕಂಬದಲ್ಲಿ ಎಲ್ಲಾದರೂ ಉಬ್ಬು ತಗ್ಗು ಇದ್ದರೆ ಆ ಗೆರೆ ಅಲ್ಲೇ ಬಳುಕಿ ಚಾಡಿ ಹೇಳುತ್ತದೆ. ಕೈಗೆ ಸಿಗದ ತಪ್ಪನ್ನು ಬೆಳಕು ಮುಟ್ಟದೆಯೇ ತೋರಿಸುತ್ತದೆ.

ಬೇಲೂರಿನ ಚೆನ್ನಕೇಶವ 1117ರದು, ಹೊಯ್ಸಳೇಶ್ವರ 1121ರದು. ಸೋಮನಾಥಪುರವೂ ಸೇರಿ ಮೂರೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಆ ಸಂಭ್ರಮದ ಬರಹಗಳಲ್ಲೆಲ್ಲ ಮದನಿಕೆಯರೇ ತುಂಬಿಕೊಂಡಿದ್ದರು. ಉಳಿ ಸುತ್ತಿಗೆಯ ಕೆಲಸಕ್ಕೆ ಸಿಕ್ಕ ಮರ್ಯಾದೆಯಲ್ಲಿ ಕಾಲುಪಾಲೂ ತಿರುಗಣಿಯ ಕೆಲಸಕ್ಕೆ ಸಿಕ್ಕಿಲ್ಲ ಎಂಬುದು ನನ್ನ ಹಳೆಯ ತಕರಾರು. ಒಳಗಿನ ಕಂಬಗಳ ಉಂಗುರಗಳು, ಗಂಟೆಯಾಕಾರದ ನಡು, ಚಕ್ಕೆಯಷ್ಟು ತೆಳುವಾದ ಬಳೆಗಳು, ಇವೆಲ್ಲ ಕಲ್ಲು ತಿರುಗುತ್ತಿದ್ದಾಗ ಉಳಿ ಒಂದೆಡೆ ನಿಂತು ಕೊರೆದ ರೂಪಗಳು. ಬುಡ ಚೌಕವಾಗಿಯೇ ಉಳಿದಿರುತ್ತದೆ, ಮೇಲೆ ಎಲ್ಲವೂ ದುಂಡು. ಬೇಲೂರಿನ ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತು ಎಂದು ಅಲ್ಲಿಯವರು ಹೇಳುತ್ತಾರೆ. ಹೇಳಲಿ. ನನಗೆ ಅದಕ್ಕಿಂತ, ತಿರುಗಿ ಮುಗಿಸಿ ನಿಂತ ಉಳಿದ ಕಂಬಗಳದ್ದೇ ಸೋಜಿಗ.

ಕಲ್ಲು ಒಲಿಯುವಂಥದ್ದೇ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಉಕ್ಕಿನ ಉಳಿಗೆ ಸಿಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಇವತ್ತಿಗೂ ತಗಡಿನ ಮೇಲೆ ಗುರುತು ಹಾಕುವ ಬಳಪದ ಕಡ್ಡಿ ಇದೇ ಕುಲದ್ದು. ಕಷ್ಟ ಇದ್ದದ್ದು ಕಲ್ಲಿನಲ್ಲಲ್ಲ, ನಡುಬಿಂದುವಿನಲ್ಲಿ. ಇಷ್ಟು ಭಾರದ ಕಲ್ಲನ್ನು ತಿರುಗಣಿಗೆ ಏರಿಸಿ, ಅರ್ಧ ಕೆಲಸ ಮಾಡಿ, ಇಳಿಸಿ, ಮತ್ತೆ ಏರಿಸಿದರೆ ಮೊದಲಿನ ಅಕ್ಷಕ್ಕೇ ಅದು ಕೂರಬೇಕು. ಕೂದಲೆಳೆಯಷ್ಟು ತಪ್ಪಿದರೂ ಮೊದಲ ಉಂಗುರಕ್ಕೂ ಎರಡನೆಯದಕ್ಕೂ ನಡು ಬೇರೆಬೇರೆಯಾಗುತ್ತದೆ. ನಮ್ಮ ವರ್ಕ್‌ಶಾಪುಗಳಲ್ಲಿ ‘ಸೆಂಟರ್ ಔಟ್’ ಎನ್ನುವುದು ಇದನ್ನೇ.

ಅರಸೀಕೆರೆಯ ಶಿವಾಲಯದಲ್ಲಿ ಇದೇ ಪ್ರಶ್ನೆ ನೆಲದ ಮೇಲೆ ಬಿಡಿಸಿಟ್ಟಂತಿದೆ. 1220ರ ಸುಮಾರಿನ ಆ ಈಶ್ವರ ದೇವಾಲಯದ ತೆರೆದ ಮಂಟಪ ಹದಿನಾರು ಮೂಲೆಯ ನಕ್ಷತ್ರ. ಒಂದೇ ನಡುವಿನ ಸುತ್ತ ನಾಲ್ಕು ಚೌಕಗಳನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತಾ ಹೋದರೆ ಹದಿನಾರು ಮೂಲೆಯ ನಕ್ಷತ್ರ ಮೂಡುತ್ತದೆ. ಮಿಲ್ಲಿಂಗ್ ಕಲಿತವನಿಗೆ ಇದು ಐಟಿಐ ಪಾಠ. ಡಿವೈಡಿಂಗ್ ಹೆಡ್ಡಿನ ಹಿಡಿ ನಲವತ್ತು ಸುತ್ತು ಸುತ್ತಿದರೆ ಜಾಬು, ಅಂದರೆ ಕೆಲಸಕ್ಕೆ ಕಟ್ಟಿದ ತುಂಡು, ಒಂದು ಸುತ್ತು. ಹದಿನಾರು ಭಾಗಕ್ಕೆ ಹಿಡಿಯನ್ನು ಎರಡೂವರೆ ಸುತ್ತಿನಂತೆ ತಿರುಗಿಸಬೇಕು. ಇಲ್ಲಿ ದಾರಿ ಎರಡಿವೆ. ಎರಡನೆಯ ಚೌಕವನ್ನು ಮೊದಲನೆಯದರಿಂದ ಅಳೆದು, ಮೂರನೆಯದನ್ನು ಎರಡನೆಯದರಿಂದ ಅಳೆದು ಹೋದರೆ ಪ್ರತಿ ಅಳತೆಯ ತಪ್ಪು ಮುಂದಿನದರ ತಲೆಯ ಮೇಲೆ ಕೂರುತ್ತಾ ಬರುತ್ತದೆ. ನಾಲ್ಕನ್ನೂ ಒಂದೇ ಗೂಟದಿಂದ, ಒಂದೇ ಗೆರೆಯಿಂದ ಅಳೆದರೆ ಪ್ರತಿಯೊಂದರ ತಪ್ಪೂ ಅದರದರ ಹತ್ತಿರವೇ ಉಳಿಯುತ್ತದೆ. ಕಂಪ್ಯೂಟರ್ ನಡೆಸುವ ಯಂತ್ರಗಳ, ಅಂದರೆ ಸಿಎನ್‌ಸಿಯವರು ಇದನ್ನೇ ಇನ್‌ಕ್ರಿಮೆಂಟಲ್, ಆ್ಯಬ್ಸಲ್ಯೂಟ್ ಎಂದು ಕರೆದು ಒಂದಿಡೀ ಅಧ್ಯಾಯ ಬರೆಯುತ್ತಾರೆ.

ಆ ಗೂಟ, ಅಂದರೆ ಅಳತೆಯ ಸೊನ್ನೆ, ಎಲ್ಲಿದೆ ಎಂದು ಯಂತ್ರಕ್ಕೆ ತೋರಿಸುವುದೇ ಹೋಮ್ ಸ್ವಿಚ್ಚು; ಇದು ಅದರ ಕಥೆ.

ಯಂತ್ರಗಳ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಸಂಸಾರವಿದೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಮಾಡಿತು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ ಶುರುವಾಯಿತು. ಬಿಎಫ್‌ಡಬ್ಲ್ಯು ಬಂದದ್ದು 1961ರಲ್ಲಿ. ಈ ಹೆಸರುಗಳ ಮಿಲ್ಲಿಂಗ್ ಮಷೀನುಗಳು ದೊಡ್ಡ ಕಾರ್ಖಾನೆಗಳಲ್ಲಿ ದುಡಿದು, ಹರಾಜಾಗಿ, ಪೀಣ್ಯದ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಬಣ್ಣ ಬಳಿಸಿಕೊಂಡು, ಲಾರಿಯೇರಿ ಸಣ್ಣ ಊರುಗಳಿಗೆ ಬರುತ್ತವೆ. ಬೀಡು ಕಬ್ಬಿಣದ ಆ ಮೈ ಇನ್ನೊಂದು ತಲೆಮಾರಿಗೆ ಸಾಲುತ್ತದೆ. ಹಿಡಿಚಕ್ರ ಬಿಚ್ಚಿ, ಬಾಲ್ ಸ್ಕ್ರೂ ಹಾಕಿ, ಸ್ಟೆಪ್ಪರ್ ಮೋಟರ್ ಕೂರಿಸಿ, ಹಳೆಯ ಕಂಪ್ಯೂಟರಿಗೆ ಜೋಡಿಸಿದರೆ ಸಿಎನ್‌ಸಿ ಆಗುತ್ತದೆ. ಹಾಗೆ ಮತಾಂತರಗೊಂಡ ಮಷೀನಿಗೆ ಒಂದು ಮರೆವಿನ ಕಾಯಿಲೆ ಅಂಟಿಕೊಳ್ಳುತ್ತದೆ. ಹಿಡಿಚಕ್ರದ ಮೇಲಿನ ಗೀಟುಗಳಿದ್ದಾಗ ಕರೆಂಟು ಹೋದರೂ ಲೆಕ್ಕ ಉಳಿಯುತ್ತಿತ್ತು. ಈಗ ಲೆಕ್ಕ ಇರುವುದು ಕಂಪ್ಯೂಟರಿನ ತಲೆಯಲ್ಲಿ. ಕರೆಂಟು ಹೋಗಿ ಬಂದರೆ ತಾನು ಎಲ್ಲಿದ್ದೇನೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ.

ಟೇಬಲ್ ಅಲ್ಲಾಡಿಲ್ಲವಲ್ಲ, ಅಲ್ಲಿಂದಲೇ ಮುಂದುವರಿಸಿದರಾಯಿತು ಎಂದುಕೊಳ್ಳುವವರಿದ್ದಾರೆ. ಸ್ಟೆಪ್ಪರ್ ಅಷ್ಟು ಸಾಧುವಲ್ಲ. ಕರೆಂಟು ಹೋದಾಗ ಡ್ರೈವ್ ಮೋಟರನ್ನು ಕೈಬಿಡುತ್ತದೆ. ಬಂದಾಗ ರೋಟರು ಹತ್ತಿರದ ಕಾಂತದ ನೆಲೆಗೆ ಹಾರಿ ಕೂರುತ್ತದೆ. ಆ ಹಾರಿಕೆ ಎರಡು ಪೂರ್ಣ ಹೆಜ್ಜೆಯವರೆಗೂ ಇರಬಹುದು. ಸುತ್ತಿಗೆ 200 ಹೆಜ್ಜೆಯ ಮೋಟರು, 5 ಮಿ.ಮೀ. ಪಿಚ್ಚಿನ ಸ್ಕ್ರೂ ಇದ್ದರೆ ಒಂದು ಹೆಜ್ಜೆ 0.025 ಮಿ.ಮೀ., ಎರಡಾದರೆ 0.05. ಬೇರಿಂಗ್ ಕೂರುವ ತೂತು ಹೊಡೆಯುತ್ತಿದ್ದವನಿಗೆ ಜಾಬು ಗುಜರಿಗೆ ಹೋಗಲು ಇಷ್ಟು ಧಾರಾಳ ಸಾಕು. ಹಾಸನ ಜಿಲ್ಲೆಯ ಸಣ್ಣ ಊರಿನಲ್ಲಿ ಕರೆಂಟನ್ನು ನಂಬಿ ಕೂತವರು ಯಾರು? ಬೆಂಗಳೂರಿನ ಕಾರ್ಖಾನೆಗಿಂತ ಅರಸೀಕೆರೆಯ ಶೆಡ್ಡಿಗೇ ಹೋಮ್ ಸ್ವಿಚ್ಚು ಹೆಚ್ಚು ಅಗತ್ಯ ಎಂದು ನಾನು ವಾದಿಸುವುದು ಇದಕ್ಕೇ.

ಸ್ವಿಚ್ಚಿನಲ್ಲಿ ಮೂರು ಜಾತಿ ಸಿಗುತ್ತವೆ. ಟಕ್ ಎನ್ನುವ ಮೈಕ್ರೋಸ್ವಿಚ್ ಅಗ್ಗ, ಎಲ್ಲರಿಗೂ ಪರಿಚಿತ, ಆದರೆ ಸ್ಪ್ರಿಂಗು ಸವೆಯುತ್ತದೆ, ಸಂಪರ್ಕ ಬಿಂದು ಅದುರುತ್ತದೆ, ಲಿವರು ಬಾಗುತ್ತದೆ. ಲೋಹ ಹತ್ತಿರ ಬಂದರೆ ಎಚ್ಚರಗೊಳ್ಳುವ ಪ್ರಾಕ್ಸಿಮಿಟಿ ಸ್ವಿಚ್ಚಿಗೆ ನೀರು, ಎಣ್ಣೆಯ ಭಯವಿಲ್ಲ. ಸೆಕೆ ಏರಿದಂತೆ ಅದರ ಎಚ್ಚರದ ದೂರ ಜರುಗುತ್ತದೆ, ಮೂತಿಗೆ ಕಬ್ಬಿಣದ ಚೂರು ಅಂಟಿದರೆ ಮೋಸ ಹೋಗುತ್ತದೆ. ಮೂರನೆಯದು ಬೆಳಕಿನದು. ಇಂಗ್ಲಿಷಿನ ‘ಯು’ ಆಕಾರದ ಕಪ್ಪು ಡಬ್ಬಿ, ಒಂದು ಕಾಲಿನಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ಕಾಲಿನಲ್ಲಿ ಫೋಟೋ ಟ್ರಾನ್ಸಿಸ್ಟರ್, ನಡುವೆ ಮೂರರಿಂದ ಐದು ಮಿ.ಮೀ. ಸಂದು. ಸಂದಿನಲ್ಲಿ ತಗಡಿನ ತುಂಡೊಂದು ಬಂದು ಬೆಳಕನ್ನು ಮರೆಮಾಡಿದರೆ ಸುದ್ದಿ ಹೋಗುತ್ತದೆ. ಏನೂ ಏನನ್ನೂ ಮುಟ್ಟುವುದಿಲ್ಲ, ಹಾಗಾಗಿ ಸವೆತದ ಮಾತಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇವು ಎರಡು ರೂಪದಲ್ಲಿ ಸಿಗುತ್ತವೆ. ನಾಲ್ಕು ಕಾಲಿನ ಬರಿಯ ಬಿಡಿಭಾಗ ತೀರಾ ಅಗ್ಗ. ಹಣ ಉಳಿಯಿತು ಎಂದು ಅದನ್ನು ತಂದವರು ಮಾಡುವ ಮೊದಲ ಎಡವಟ್ಟು ರೆಸಿಸ್ಟರಿನದು. ಎಲ್‌ಇಡಿಗೆ 20 ಮಿಲಿ ಆಂಪಿಯರ್ ಬೇಕು, ಅದು ತಿನ್ನುವುದು 1.2 ವೋಲ್ಟ್. ಪ್ಯಾನಲಿನಲ್ಲಿರುವುದು 24 ವೋಲ್ಟ್. ಉಳಿದ 22.8 ವೋಲ್ಟನ್ನು ರೆಸಿಸ್ಟರು ಹೊರಬೇಕಾದರೆ 1.1 ಕಿಲೋ ಓಮ್ ಆಸುಪಾಸು ಬೇಕು, ಅದರಲ್ಲಿ ಕರಗುವ ಶಕ್ತಿ ಅರ್ಧ ವಾಟಿನ ಹತ್ತಿರ. ಡಬ್ಬಿಯಲ್ಲಿ ಬಿದ್ದಿದ್ದ ಕಾಲು ವಾಟಿನದನ್ನು ಬೆಸೆದರೆ ಕಪ್ಪಗಾಗುತ್ತದೆ. ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ತಗಡು ನಿಧಾನವಾಗಿ ಸಂದಿಗೆ ನುಗ್ಗುವಾಗ ಬೆಳಕು ಒಮ್ಮೆಗೇ ಆರುವುದಿಲ್ಲ, ಸಂಜೆಯಂತೆ ಮಬ್ಬಾಗುತ್ತಾ ಹೋಗುತ್ತದೆ. ಆ ಮಬ್ಬಿನಲ್ಲಿ ಸಿಗ್ನಲ್ಲು ಹೌದು ಅಲ್ಲಗಳ ನಡುವೆ ತೊದಲುತ್ತದೆ. ಹೌದಿಗೊಂದು ಗಡಿ, ಅಲ್ಲಕ್ಕೊಂದು ಗಡಿ ಇಟ್ಟುಕೊಂಡು ತೊದಲು ತಡೆಯುವ ಷ್ಮಿಟ್ ಟ್ರಿಗರ್ ಸರ್ಕ್ಯೂಟು ಇರಲೇಬೇಕು. ಇದನ್ನೆಲ್ಲ ಒಳಗೇ ಇಟ್ಟುಕೊಂಡು ಬರುವ ತಯಾರಿ ಸೆನ್ಸರುಗಳಿವೆ; ಒಮ್ರಾನ್‌ನ ಇಇ-ಎಸ್‌ಎಕ್ಸ್670 ಸಾಲಿನವು 5ರಿಂದ 24 ವೋಲ್ಟಿಗೆ ನೇರವಾಗಿ ಕೂರುತ್ತವೆ, ಆನ್ ಆಗುವ ಜಾಗಕ್ಕೂ ಆಫ್ ಆಗುವ ಜಾಗಕ್ಕೂ 0.025 ಮಿ.ಮೀ. ಮೀರಿದ ಅಂತರವಿಲ್ಲ. ಸ್ವಂತ ಸರ್ಕ್ಯೂಟು ಬೆಸೆಯುವ ಖುಷಿಯೇ ಬೇರೆ, ಆದರೆ ಮಷೀನು ಹೊಟ್ಟೆಪಾಡಿಗಾದರೆ ತಯಾರಿಯದನ್ನೇ ಹಾಕಿ.

ಈ ಸೆನ್ಸರಿನಲ್ಲಿ ಪ್ಲಸ್, ಮೈನಸ್, ಔಟ್ ಅಲ್ಲದೆ ‘ಎಲ್’ ಎಂಬ ನಾಲ್ಕನೆಯ ಕಾಲಿದೆ. ಅದನ್ನು ಪ್ಲಸ್ಸಿಗೆ ಸೇರಿಸಿದರೆ ಬೆಳಕು ಬೀಳುವಾಗ ಔಟ್‌ಪುಟ್ ಆನ್ ಇರುತ್ತದೆ; ಹಾಗೇ ಬಿಟ್ಟರೆ ಕತ್ತಲಾದಾಗ ಆನ್. ಮಷೀನಿನ ಹಣೆಬರಹ ಈ ಒಂದು ಅಂಗುಲ ತಂತಿಯಲ್ಲಿದೆ. ಸೇರಿಸಿಯೇ ಬಳಸಬೇಕು. ಆಗ ಮಾಮೂಲಿನ ಹೊತ್ತಿನಲ್ಲಿ ‘ಎಲ್ಲ ಸರಿಯಿದೆ’ ಎಂಬ ಸುದ್ದಿ ಸದಾ ಹರಿಯುತ್ತಿರುತ್ತದೆ. ತಗಡು ಬಂದರೂ, ಎಲ್‌ಇಡಿ ಸತ್ತರೂ, ಇಲಿ ತಂತಿ ಕಡಿದರೂ, ಕನೆಕ್ಟರು ಸಡಿಲಾದರೂ ಸುದ್ದಿ ನಿಂತು ಮಷೀನು ನಿಲ್ಲುತ್ತದೆ. ತಿರುವುಮುರುವು ಮಾಡಿದರೆ ತಂತಿ ಕಡಿದದ್ದು ಗೊತ್ತಾಗುವುದು ಟೇಬಲ್ ಹೋಗಿ ಗುದ್ದಿದ ಮೇಲೆ. ಸಂದಿನಲ್ಲಿ ಎಣ್ಣೆಕೊಳಕು ತುಂಬಿದರೂ ಇದೇ ನ್ಯಾಯ, ಮಷೀನು ಸುಮ್ಮನೆ ನಿಂತು ಮುನಿಸಿಕೊಳ್ಳುತ್ತದೆ, ಮುರಿದುಕೊಳ್ಳುವುದಿಲ್ಲ.

ಕೊಳಕಿಗಿಂತ ನನಗೆ ಹೆಚ್ಚು ಭಯ ಬಿಸಿಲಿನದು. ನಮ್ಮ ಶೆಡ್ಡುಗಳ ಚಾವಣಿಯಲ್ಲಿ ಬೆಳಕಿಗೆಂದು ಒಂದೆರಡು ಫೈಬರ್ ಶೀಟು ಹಾಕಿರುತ್ತಾರೆ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳ. ಯಾವುದೋ ಒಂದು ಹೊತ್ತಿಗೆ ಬಿಸಿಲುಕೋಲು ಸೆನ್ಸರಿನ ಕಣ್ಣಿಗೇ ಬಿದ್ದರೆ, ತಗಡು ಮರೆಮಾಡಿದರೂ ಬೆಳಕು ಇದ್ದೇ ಇದೆ ಎಂದು ಅದು ನಂಬುತ್ತದೆ. ಬೇರೆ ತೊಂದರೆಗಳೆಲ್ಲ ಮಷೀನನ್ನು ನಿಲ್ಲಿಸಿದರೆ ಇದು ನಿಲ್ಲಲು ಬಿಡದ ತೊಂದರೆ. ಅದೂ ದಿನದಲ್ಲಿ ಹತ್ತಿಪ್ಪತ್ತು ನಿಮಿಷ, ವರ್ಷದಲ್ಲಿ ಕೆಲವು ವಾರ ಮಾತ್ರ ಕಾಣಿಸಿಕೊಳ್ಳುವುದರಿಂದ ದೆವ್ವದ ಕಾಟ ಎಂದೇ ತೋರುತ್ತದೆ. ಮೇಲೊಂದು ತಗಡಿನ ಕೊಡೆ ಸಾಕು. ಅದೇ ಕೊಡೆ ಕೂಲೆಂಟಿನ ಸಿಡಿತ, ಬೀಡಿನ ಕಪ್ಪು ಪುಡಿ, ಅರಸೀಕೆರೆಯಲ್ಲಾದರೆ ತೆಂಗಿನ ನಾರಿನ ಧೂಳು, ಇವನ್ನೂ ತಡೆಯುತ್ತದೆ. ಐದು ಮಿ.ಮೀ. ಸಂದು ಕಂಡರೆ ಮಣ್ಣು ಮೆತ್ತಿ ಗೂಡು ಕಟ್ಟುವ ಕಣಜವೂ ನಮ್ಮ ಕಡೆ ಇದೆ. ಹಬ್ಬಕ್ಕೆ ನಾಲ್ಕು ದಿನ ರಜೆ ಕೊಟ್ಟು ಬಂದವರಿಗೆ ಅದರ ಪರಿಚಯ ಇರುತ್ತದೆ.

ಮರೆಮಾಡುವ ತಗಡಿನ ಮಾತೂ ಸಣ್ಣದಲ್ಲ. ಕಪ್ಪು ಪ್ಲಾಸ್ಟಿಕ್ ಕಣ್ಣಿಗೆ ಕಪ್ಪು, ಆದರೆ ಎಷ್ಟೋ ಕಪ್ಪು ಪ್ಲಾಸ್ಟಿಕ್ಕುಗಳ ಮೂಲಕ ಇನ್‌ಫ್ರಾರೆಡ್ ನಿರಾತಂಕವಾಗಿ ದಾಟುತ್ತದೆ. ಅರ್ಧ ಮಿ.ಮೀ. ದಪ್ಪದ ಹಿತ್ತಾಳೆ ಅಥವಾ ಉಕ್ಕಿನ ತಗಡೇ ಸರಿ. ಅದರ ಅಂಚನ್ನು ಅರದಿಂದ ನೇರ ಮಾಡಬೇಕು, ಚಲನೆಗೆ ಲಂಬವಾಗಿ ಕೂರಿಸಬೇಕು. ತಗಡು ಉದ್ದವಾಗಿ ಕೈಚಾಚಿಕೊಂಡಿದ್ದರೆ ಸ್ಪಿಂಡಲ್ ತಿರುಗುವಾಗ ನಡುಗುತ್ತದೆ, ಗಿಡ್ಡಕ್ಕಿರಲಿ. ಸೆನ್ಸರನ್ನು ಮಷೀನಿನ ಬೀಡಿಗೇ ಬಿಗಿಯಬೇಕು, ತಗಡಿನ ಕವಚಕ್ಕೆ ಬಿಗಿಯಬಾರದು. ಇಲ್ಲಿ ಆತುರಪಟ್ಟವರೇ ಹೆಚ್ಚು. 0.025 ಮಿ.ಮೀ. ಸೆನ್ಸರು ತಂದು, ಒರಗಿದರೆ ಬಾಗುವ ಕವಚದ ಮೇಲೆ ಎರಡು ಸ್ಕ್ರೂ ಬಿಗಿದು, ಸೊನ್ನೆ ನಿಲ್ಲುತ್ತಿಲ್ಲ ಎಂದು ಕಂಪನಿಯನ್ನು ಬೈಯುತ್ತಾರೆ. ಸೆನ್ಸರಿನ ಬೆಲೆಯ ಚರ್ಚೆಗೆ ಕೊಡುವ ಸಮಯದ ಅರ್ಧದಷ್ಟನ್ನು ಅದು ಕೂರುವ ಬ್ರಾಕೆಟ್ಟಿಗೆ ಕೊಟ್ಟರೆ ಮುಕ್ಕಾಲು ತೊಂದರೆ ಹುಟ್ಟುವುದೇ ಇಲ್ಲ. ಹೊಂದಿಸಲು ಉದ್ದ ತೂತು ಬೇಕು, ಹೊಂದಿಸಿದ ಮೇಲೆ ಎರಡು ಡೋವೆಲ್ ಪಿನ್ನು ಹೊಡೆದುಬಿಡಬೇಕು, ನಾಳೆ ಬಿಚ್ಚಿ ಒರೆಸಿ ಹಾಕಿದರೂ ಅಲ್ಲಿಗೇ ಬಂದು ಕೂರುವಂತೆ.

ಸೊನ್ನೆಯ ಹತ್ತಿರ ಹೋಗುವ ಬಗೆಯೂ ಒಂದೇ ಇರಬೇಕು. ಟೇಬಲ್ ಮೊದಲು ಬೇಗ ಹೋಗಿ ಬೆಳಕನ್ನು ಕಡಿಯುತ್ತದೆ, ಸ್ವಲ್ಪ ಹಿಂದೆ ಸರಿಯುತ್ತದೆ, ಆಮೇಲೆ ಬಸವನ ಹುಳುವಿನ ವೇಗದಲ್ಲಿ ಅದೇ ದಿಕ್ಕಿನಿಂದ ಮತ್ತೆ ಬಂದು ಅಂಚು ಹಿಡಿಯುತ್ತದೆ. ಮಷೀನು ನಡೆಸುವ ತಂತ್ರಾಂಶ ಜಿಆರ್‌ಬಿಎಲ್ ಆಗಲಿ, ಲಿನಕ್ಸ್‌ಸಿಎನ್‌ಸಿ ಆಗಲಿ, ಎರಡರಲ್ಲೂ ಈ ಎರಡು ವೇಗಗಳನ್ನು ಬೇರೆಬೇರೆ ಕೊಡಬಹುದು. ಎಡದಿಂದ ಬಂದಾಗ ಒಂದು ಸೊನ್ನೆ, ಬಲದಿಂದ ಬಂದಾಗ ಇನ್ನೊಂದು ಎಂದಾದರೆ ನಟ್ಟಿನ ಬ್ಯಾಕ್‌ಲ್ಯಾಶ್ ಅಷ್ಟೂ ನಡುವೆ ಕುಣಿಯುತ್ತದೆ. ಎಲ್ಲಕ್ಕಿಂತ ಮೊದಲು ಮೇಲೇರಬೇಕಾದ್ದು ಝಡ್ ಅಕ್ಷ. ಕಟರು ಜಾಬಿನೊಳಗೆ ಕೂತಿರುವಾಗಲೇ ಎಕ್ಸ್ ಅಕ್ಷ ಮನೆ ಹುಡುಕಿ ಹೊರಟರೆ ದಾರಿಯಲ್ಲಿದ್ದದ್ದೆಲ್ಲ ಅದರ ಪಾಲು.

ಇಷ್ಟು ಮಾಡಿದರೆ ಎರಡು ಮೂರು ನೂರಾಂಶ ಮಿಲಿಮೀಟರಿನೊಳಗೆ ಸೊನ್ನೆ ಮರಳುತ್ತದೆ. ಇನ್ನೂ ಬೇಕೆನ್ನುವವರಿಗೆ ಒಂದು ಸೊಗಸಾದ ಉಪಾಯವಿದೆ, ಅದು ನೇರವಾಗಿ ತಿರುಗಣಿಯವರ ಸೊತ್ತು. ಸ್ಕ್ರೂವಿನ ಹಿಂತುದಿಗೆ 50 ಮಿ.ಮೀ. ವ್ಯಾಸದ ತಗಡಿನ ಚಕ್ರ ಹಾಕಿ, ಅದರ ಅಂಚಿನಲ್ಲಿ ಒಂದೇ ಒಂದು ಸೀಳು ಕೊರೆದು, ಆ ಅಂಚನ್ನು ಎರಡನೆಯ ಬೆಳಕಿನ ಸೆನ್ಸರಿನ ಸಂದಿನಲ್ಲಿ ತಿರುಗಲು ಬಿಡಿ. ಟೇಬಲ್ 5 ಮಿ.ಮೀ. ಸರಿಯುವಷ್ಟರಲ್ಲಿ ಚಕ್ರದ ಅಂಚು 157 ಮಿ.ಮೀ. ಓಡಿರುತ್ತದೆ, ಅಂದರೆ ಮೂವತ್ತೊಂದು ಪಟ್ಟು. ಸೆನ್ಸರಿನ 0.025 ಮಿ.ಮೀ. ಅನುಮಾನ ಅಂಚಿನಲ್ಲಿ ಹಾಗೇ ಇರಲಿ, ಟೇಬಲಿಗೆ ತಲುಪುವ ಹೊತ್ತಿಗೆ ಅದು ಒಂದು ಮೈಕ್ರಾನಿಗಿಂತ ಕಡಿಮೆ. ಟೇಬಲಿನ ಸ್ವಿಚ್ಚು ಊರು ಹೇಳುತ್ತದೆ, ಚಕ್ರದ ಸೀಳು ಬಾಗಿಲು ಹೇಳುತ್ತದೆ. ಪ್ರತಿ ಸಲವೂ ಸೀಳಿನ ಒಂದೇ ಅಂಚನ್ನು ಹಿಡಿಯಬೇಕು ಎಂಬುದೊಂದು ಕಟ್ಟುಪಾಡು. ಇನ್ನೊಂದು, ಟೇಬಲಿನ ಸ್ವಿಚ್ಚು ಕೆಲಸ ಮಾಡುವ ಜಾಗ ಸೀಳು ಒಮ್ಮೆ ಬಂದು ಮತ್ತೊಮ್ಮೆ ಬರುವುದರ ಸರಿಯಾದ ನಡುವೆ ಬೀಳುವಂತೆ ಟೇಬಲಿನ ತಗಡನ್ನು ಜರುಗಿಸಿಕೊಳ್ಳಬೇಕು. ಸೀಳಿನ ಪಕ್ಕದಲ್ಲೇ ಅದು ಬಿದ್ದರೆ ಇವತ್ತು ಈ ಸುತ್ತಿನ ಸೀಳು, ನಾಳೆ ಮುಂದಿನ ಸುತ್ತಿನ ಸೀಳು ಸಿಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಜಾಬು ಕರಾರುವಾಕ್ಕಾಗಿ 5.00 ಮಿ.ಮೀ. ಆಚೆ ಹೋಗಿದ್ದರೆ ಬೇರೆಲ್ಲೂ ಹುಡುಕಬೇಡಿ, ರೋಗ ಇಲ್ಲೇ.

ಒಂದು ಮೈಕ್ರಾನಿನ ಮಾತು ಬಂದಾಗ ಉಕ್ಕಿನ ಸ್ವಭಾವವನ್ನೂ ಕೇಳಬೇಕಾಗುತ್ತದೆ. ಒಂದು ಡಿಗ್ರಿ ಬಿಸಿಗೆ ಒಂದು ಮೀಟರ್ ಉಕ್ಕು ಹನ್ನೊಂದು ಹನ್ನೆರಡು ಮೈಕ್ರಾನ್ ಬೆಳೆಯುತ್ತದೆ. ಅರ್ಧ ಮೀಟರಿನ ಸ್ಕ್ರೂ ಬೆಳಗಿನ ತಂಪಿನಿಂದ ಮಧ್ಯಾಹ್ನದ ತಗಡು ಶೆಡ್ಡಿನ ಸೆಕೆಗೆ ಹತ್ತು ಡಿಗ್ರಿ ಏರಿದರೆ ಐವತ್ತು ಮೈಕ್ರಾನ್ ಮೇಲೆಯೇ ಉದ್ದವಾಗಿರುತ್ತದೆ. ಸೊನ್ನೆ ಎಷ್ಟೇ ಗಟ್ಟಿಯಾಗಿದ್ದರೂ ಅದರಿಂದಾಚೆಗಿನ ಅಳತೆ ಬೆಳೆದುಬಿಟ್ಟಿರುತ್ತದೆ. ಆದ್ದರಿಂದ ಕೆಲಸ ಶುರುಮಾಡುವ ಮುಂಚೆ ಮೂರೂ ಅಕ್ಷಗಳನ್ನು ಒಂದಿಷ್ಟು ಹೊತ್ತು ಸುಮ್ಮನೆ ಓಡಿಸಿ, ಮೈ ಬಿಸಿಯಾದ ಮೇಲೆ ಹೋಮ್ ಮಾಡಿ, ಮಧ್ಯಾಹ್ನ ಊಟ ಮುಗಿಸಿ ಬಂದು ಇನ್ನೊಮ್ಮೆ ಹೋಮ್ ಮಾಡುವವರು ಜಾಣರು.

ಪರೀಕ್ಷೆಗೆ ಡಯಲ್ ಗೇಜೇ ಸಾಕು. ಟೇಬಲಿಗೆ ಮೂತಿ ತಾಗಿಸಿ ಹೋಮ್ ಮಾಡಿ ಮುಳ್ಳು ಬರೆದುಕೊಳ್ಳಿ, ಟೇಬಲನ್ನು ಪ್ರತಿ ಸಲ ಬೇರೆ ಬೇರೆ ದೂರದಿಂದ ಕರೆಸಿ, ಒಮ್ಮೆ ಪವರ್ ಆಫ್ ಮಾಡಿ ಕರೆಸಿ, ಒಮ್ಮೆ ಸ್ಪಿಂಡಲ್ ಓಡುತ್ತಿರುವಾಗ ಕರೆಸಿ. ಸ್ಪಿಂಡಲ್ ಓಡುವಾಗ ಮಾತ್ರ ಮುಳ್ಳು ಅಲೆದಾಡಿದರೆ ತಪ್ಪು ಸೆನ್ಸರಿನದಲ್ಲ. ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿಯ ಕೇಬಲ್ಲಿನ ಜತೆ ಸೆನ್ಸರಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದಿರುತ್ತೀರಿ. ಅದನ್ನು ಬೇರೆ ದಾರಿಯಲ್ಲಿ ತನ್ನಿ, ಶೀಲ್ಡ್ ಇರುವ ತಂತಿ ಹಾಕಿ, ಶೀಲ್ಡನ್ನು ಪ್ಯಾನಲ್ ಕಡೆ ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಸೆನ್ಸರಿಗೆ 5 ವೋಲ್ಟಿನ ಬದಲು 24 ವೋಲ್ಟೇ ಕೊಡಿ, ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಗದ್ದಲ ಸುಲಭಕ್ಕೆ ಮುಳುಗಿಸುವುದಿಲ್ಲ.

ಕೊನೆಯದಾಗಿ, ಹೋಮ್ ಸ್ವಿಚ್ಚನ್ನೇ ಕಾವಲಿಗೂ ದುಡಿಸುವ ಚೌಕಾಸಿ ಬೇಡ. ಓಟದ ಎರಡೂ ತುದಿಗೆ ಬೇರೆಯದೇ ಗಟ್ಟಿ ಮೈಕ್ರೋಸ್ವಿಚ್ಚುಗಳಿದ್ದು, ಅವು ಕಂಪ್ಯೂಟರನ್ನು ಕೇಳದೆ ಡ್ರೈವ್‌ನ ಕರೆಂಟನ್ನೇ ಕಡಿಯುವಂತಿರಬೇಕು. ಅಲ್ಲಿ ಅರ್ಧ ಮಿ.ಮೀ. ಆಚೀಚೆಯಾದರೆ ಯಾರಿಗೂ ನಷ್ಟವಿಲ್ಲ. ಪ್ಯಾನಲ್ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿ: ಯಾವ ಅಕ್ಷಕ್ಕೆ ಯಾವ ಸೆನ್ಸರು, ‘ಎಲ್’ ಕಾಲು ಎಲ್ಲಿ ಸೇರಿದೆ, ಯಾವ ತಂತಿ ಯಾವ ಬಣ್ಣ, ಡಯಲ್ ಗೇಜ್ ಕೊನೆಯ ಸಲ ಏನು ತೋರಿಸಿತು. ಚೀಟಿಯ ಕೆಳಗೊಂದು ಪ್ಲಾಸ್ಟಿಕ್ ಕವರಿನಲ್ಲಿ ಅದೇ ನಂಬರಿನ ಇನ್ನೊಂದು ಸೆನ್ಸರು ತಂದಿಡಿ. ಎಸ್‌ಪಿ ರೋಡ್ ಭಾನುವಾರ ತೆರೆಯುವುದಿಲ್ಲ.